ಮುಟ್ಟಿದ ಬಗ್ಗೆ

ರುದ್ರಾಂಬ, ತಂದೆ ಹಾಲಪ್ಪ,
ಎಂಸಿಸಿ ಬಿ ಬ್ಲಾಕು, ದಾವಣಗೆರೆ.
ಲಕೋಟೆ ಹಿಡಿದು ಮೂರು ಸಲ ಬಂದು ಹೋದೆ.
ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದರು
ಹಾಲಿನವನು, ಪೇಪರಿನವನು,
ಮೂಲೆಯ ಇಸ್ತ್ರಿ ಗಾಡಿಯ ತಿಪ್ಪೇಶಿ.
ಆಮೇಲೆ ಅವನೇ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ
"ಅಯ್ಯ, ರೂಹಿ ಮನೆ ಅನ್ರಲ್ಲ" ಅಂದ.

ರೂಹಿ.
ತೊಂಬತ್ತೊಂದು ರಾತ್ರಿ ಅವಳು ನಮ್ಮ ಮನೆಯಲ್ಲೇ ಇದ್ದಳು,
ಷೋಕೇಸಿನ ಟೀವಿಯಲ್ಲಿ.
ಹೊರಗೆ ಹೋಗಲಾಗದ ಆ ಗಾಜಿನ ಮನೆಯೊಳಗೆ
ಅತ್ತಳು, ಹಲ್ಲುಜ್ಜಿದಳು, ಅನ್ನ ಸೀಯಿಸಿದಳು,
ಯಾರ ಮೇಲೋ ಚಪ್ಪಲಿ ಎತ್ತಿದಳು.
ನನ್ನ ಹೆಂಡತಿ ಕೊಟ್ರಮ್ಮ ದಿನಕ್ಕೆ ಹತ್ತು ಓಟು ಒತ್ತಿದಳು,
ನನ್ನ ಫೋನಿನಿಂದ, ಮಗಳ ಫೋನಿನಿಂದ,
ಪಕ್ಕದ ಮನೆ ಅಜ್ಜಿಯ ಬಟನ್ ಫೋನನ್ನೂ ಬಿಡಲಿಲ್ಲ.
ಗೆಲ್ಲಲಿಲ್ಲ, ಎರಡನೆಯವಳಾದಳು.
ಮರುದಿನ ನಮ್ಮಲ್ಲಿ ಬರೀ ಮಜ್ಜಿಗೆ ಅನ್ನ.

ಸೋತು ಬಂದವಳಿಗೆ ಊರು ಜೆಸಿಬಿಯಿಂದ ಹೂ ಸುರಿಯಿತು
ಜಯದೇವ ಸರ್ಕಲ್ಲಿನಲ್ಲಿ.
ಮಂಡಿಪೇಟೆಯ ಸೀರೆ ಅಂಗಡಿಗೆ ಟೇಪು ಕತ್ತರಿಸಿದಳು,
ಹರಿಹರದ ಜಿಮ್ಮಿಗೆ, ಹದಡಿ ರಸ್ತೆಯ ಹಲ್ಲಿನ ಆಸ್ಪತ್ರೆಗೆ.
ಒಂದೊಂದು ಕತ್ತರಿಗೆ ಒಂದೊಂದು ಕವರು.
ಕವರಿನ ಮೇಲೆ ಕುಂಕುಮ ಇತ್ತು, ಒಳಗೆ ರಸೀದಿ ಇರಲಿಲ್ಲ.
ಕೊಟ್ಟವರು ಮಾತ್ರ ತಮ್ಮ ಖಾತೆಯಲ್ಲಿ
ಪ್ರಚಾರದ ಖರ್ಚು ಎಂದು ಪೈಸೆ ಸಮೇತ ಬರೆದುಕೊಂಡರು.
ನಮ್ಮ ಸಾಹೇಬರಿಗೆ ಅಷ್ಟು ಸಾಕು.
ಉಡುಗೊರೆ ಕಾರಿನ ಜೊತೆ ಅವಳೇ ಹಾಕಿಕೊಂಡ ಫೋಟೋ
ಈಗ ಫೈಲಿನಲ್ಲಿದೆ, ಪುಟ ಹದಿನಾಲ್ಕು;
ಝೆರಾಕ್ಸಿನಲ್ಲಿ ಕಾರು
ಮಲಗಿದ ಎಮ್ಮೆಯ ಹಾಗೆ ಕಾಣುತ್ತದೆ.

ಬಾಗಿಲು ತೆಗೆಯದಿದ್ದರೆ ಬಾಗಿಲಿಗೇ ಅಂಟಿಸಬೇಕು,
ಇಬ್ಬರ ಸಾಕ್ಷಿ ಬೇಕು. ಗೋಂದು ಚೀಲದಲ್ಲಿತ್ತು.
ತಿಪ್ಪೇಶಿಯನ್ನು ಕರೆದೆ.
"ನಾ ಒಲ್ಲೆ ರೀ. ಅವರ ಬಟ್ಟೆ ನನ್ನ ಹತ್ರ ಐತೆ,
ಎರಡು ತಿಂಗಳ ದುಡ್ಡೂ ಬರಬೇಕು."

ನಾಲ್ಕನೇ ಸಲ ಬಾಗಿಲು ತೆರೆಯಿತು, ಸರಪಳಿಯಷ್ಟು.
ಎಣ್ಣೆ ಹಚ್ಚಿದ ತಲೆ, ಮಾಸಿದ ನೈಟಿ.
ಅವಳ ಅಕ್ಕ ಇರಬೇಕು ಅಂದುಕೊಂಡೆ.
"ಮೊನ್ನೆ ಗೇಟಿನ ಹತ್ರ ಛತ್ರಿ ಬಿಟ್ಟು ಹೋಗಿದ್ರಿ" ಅಂತ
ಸಂದಿನಿಂದ ತೂರಿಸಿದಳು.
ಆಗ ನೋಡಿದೆ, ಚೌಕಟ್ಟಿನ ಮೇಲೆ ಪುಟ್ಟ ಕ್ಯಾಮೆರಾ,
ಹುಣಸೆ ಬೀಜದಷ್ಟು, ಕೆಂಪು ದೀಪ.
ಮೂರು ಸಲವೂ ನಾನು ಮೂಗು ಒರೆಸಿಕೊಂಡದ್ದು,
ಗಡಿಯಾರ ನೋಡಿದ್ದು, ಬೈದುಕೊಂಡದ್ದು,
ಎಲ್ಲ ಒಳಗೆ ಕೂತು ನೋಡಿದ್ದಾಳೆ.

"ಪೆನ್ನು ಕೊಡಿ."
ಅಭ್ಯಾಸವಾದ ಕೈ. ಮೊದಲ ಅಕ್ಷರಕ್ಕೊಂದು ಉದ್ದ ಬಾಲ,
ಕೊನೆಗೊಂದು ಹೃದಯ, ಹೃದಯದೊಳಗೆ ಎರಡು ಚುಕ್ಕೆ.
"ಇದು ನಡೆಯಲ್ಲ ಮೇಡಂ. ಪ್ಯಾನ್ ಕಾರ್ಡಲ್ಲಿ ಇರೋ ಹಾಗೆ."
ಹೊಡೆದುಹಾಕಿದಳು.
ತುಸು ಹೊತ್ತು ನಿಂತಳು, ಪರೀಕ್ಷೆಯಲ್ಲಿ ಮರೆತವರ ಹಾಗೆ.
ಆಮೇಲೆ ಕೆಳಗೆ, ಕಾಪಿ ಪುಸ್ತಕದ ದುಂಡು ಕನ್ನಡದಲ್ಲಿ,
ರುದ್ರಾಂಬ ಹೆಚ್.
ಒತ್ತಕ್ಷರ ಬಂದಾಗ ನಾಲಿಗೆಯ ತುದಿ ಹೊರಗಿತ್ತು.

"ಅಪ್ಪ ಮಿಲ್ಲಲ್ಲಿದ್ದಾಗ ಸಂಬಳದ ಚೀಟಿ ನಾನೇ ಓದಿ ಹೇಳ್ತಿದ್ದೆ.
ಅದಕ್ಕೆ ಕಡಿತ, ಇದಕ್ಕೆ ಕಡಿತ.
ಮಿಲ್ಲು ಮುಚ್ಚೋ ತನಕ ಕಡಿತ.
ಯಾರೂ ಕಡಿಯದೆ ಪೂರ್ತಿ ಕೈಗೆ ಬಂದಿದ್ದು
ಆ ಕವರುಗಳೇ ಮೊದಲು."
ನಾನು ಮಾತಾಡಲಿಲ್ಲ. ನಮ್ಮಪ್ಪನೂ ಅದೇ ಮಿಲ್ಲು, ರಾತ್ರಿ ಪಾಳಿ.
ಇಪ್ಪತ್ತೊಂದು ದಿನ ಟೈಮಿದೆ ಅಂದೆ.
"ಪರವಾಗಿಲ್ಲ. ಆ ಮನೇಲಿ ವಾರಕ್ಕೊಂದ್ಸಲ
ಹೊರಗೆ ಹಾಕ್ತಿದ್ರು" ಅಂದು ಬಾಗಿಲು ಎಳೆದುಕೊಂಡಳು.

ಪ್ರತಿಗೆ ಸೀಲು ಬಿತ್ತು, ಫೈಲು ಕಪಾಟಿಗೆ ಹೋಯಿತು,
ಹೃದಯದ ಮೇಲೆ ಎಳೆದ ಎರಡು ಗೀರಿನ ಸಮೇತ.

ರಾತ್ರಿ ಕೊಟ್ರಮ್ಮ ರೊಟ್ಟಿ ಬಡಿಯುತ್ತ
"ಬಿ ಬ್ಲಾಕಿನ ಕಡೆ ಹೋಗಿದ್ರಂತೆ, ಯಾರಾದರೂ ಸಿಕ್ರಾ?" ಅಂದಳು.
ಛತ್ರಿ ಸಿಕ್ಕಿತು ಅಂದೆ.